ಎಡಗೊಂಬಿನ ಚೂರಿ

ಬಿದಿಲೈ, ೧೨ ಫೆಬ್ರವರಿ ೧೯೬೭

ಶ್ರೀಯುತ ಪ್ರಿಯಾಮೊ ಸೆಚ್ಚಿಯವರಿಗೆ,

ನಾನು ನಿಮಗೆ ಅಪರಿಚಿತಳು. ನಿಮ್ಮ ಹೆಸರು ಹೇಳಿದವನು ಚೀಸ್ ಲಾರಿ ಓಡಿಸುವ ಗಾಂತೀನು. ಹಾಲು ತುಂಬಿಸಿಕೊಳ್ಳಲು ಬಂದವನು ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ಪೇರುಹಣ್ಣಿನ ಸಿಪ್ಪೆ ತೆಗೆಯುತ್ತಿದ್ದ. ಅಲಗು ಹಣ್ಣಿನೊಳಗೆ ಹೋಗುವ ಸದ್ದೇ ಕೇಳಿಸುತ್ತಿರಲಿಲ್ಲ. ಯಾರು ಮಾಡಿದ ಚೂರಿಯೆಂದು ಕೇಳಿದೆ. "ಗೊನ್ನೋರಿನ ಸೆಚ್ಚಿ, ಬೆಟ್ಟದ ಆಚೆ ಕಡೆಯವನು. ಕಾಗದಕ್ಕೆ ಉತ್ತರ ಕೊಡೋ ಪೈಕಿ ಅಲ್ಲ ಆ ಮುದುಕ. ಬೈಸ್ಕೊಳ್ಳೋ ಆಸೆ ಇದ್ರೆ ಬರೀರಿ" ಎಂದ. ಆ ಆಸೆ ಇಲ್ಲದಿದ್ದರೂ ಬರೆಯುತ್ತಿದ್ದೇನೆ.

ನನ್ನ ಗಂಡ ಲಾರೆಂತು ಅವರಿಗೆ ಒಂದು ಮಡಚುವ ಚೂರಿ ಬೇಕು. ಅವರು ಈಗ ನಮ್ಮ ಈ ದ್ವೀಪ ಬಿಟ್ಟು ಜರ್ಮನಿಯಲ್ಲಿ, ತಗಡು ಒತ್ತುವ ಕಾರ್ಖಾನೆಯೊಂದರಲ್ಲಿದ್ದಾರೆ. ಮಗಳು ಪಸ್ಕಾ ಹುಟ್ಟಿದ ಮೇಲೆ, ಕುರಿಯ ಹಾಲಿನಿಂದ ಇನ್ನೊಂದು ಹೊಟ್ಟೆ ತುಂಬದೆಂದು ಹಿಂಡನ್ನು ತಮ್ಮನ ವಶಕ್ಕೆ ಬಿಟ್ಟು ಹೋದರು. ಮೊನ್ನೆ ಜನವರಿಯಲ್ಲಿ, ತಮ್ಮ ಚೂರಿ ಕಳೆದುಹೋಯಿತೆಂದು ಒಂದೇ ಸಾಲಿನಲ್ಲಿ ತಿಳಿಸಿದ್ದಾರೆ. ನಮ್ಮೂರಲ್ಲಿ ಗಂಡಸು ಚೂರಿ ಕಳೆದುಕೊಂಡನೆಂದರೆ ಪ್ಯಾಂಟು ಕಳೆದುಕೊಂಡು ಮನೆಗೆ ಬಂದವನಷ್ಟು ನಗೆಪಾಟಲು. ನಿಮ್ಮೂರಲ್ಲೂ ಹಾಗೇ ಇರಬಹುದು. ಇಲ್ಲಿ ಚೂರಿ ಮಾಡುವವರು ಅತ್ತೆಯ ದೊಡ್ಡಪ್ಪನ ಮಗ. ಅವರಿಗೆ ಹೇಳಿದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ರೊಟ್ಟಿ ಸುಡುವ ಹೆಂಗಸರ ಮಧ್ಯೆ ಕೂತಿರುತ್ತದೆ. ಆದ್ದರಿಂದ ಯಾರಿಗೂ ತಿಳಿಯದಂತೆ, ಪರಿಚಯವೇ ಇಲ್ಲದ ನಿಮ್ಮನ್ನು ಕೇಳುತ್ತಿದ್ದೇನೆ.

ನಾನು ಚೂರಿ ಕೊಂಡವಳಲ್ಲ. ಅಡುಗೆಮನೆಯದು ಗೋಡೆಗೆ ನೇತಾಡುತ್ತಿರುತ್ತದೆ, ಗಂಡಸರದು ಅವರ ಜೇಬಿನಲ್ಲಿರುತ್ತದೆ, ಅದನ್ನು ನಾವು ಮುಟ್ಟುವುದಿಲ್ಲ. ಸಾಸ್ಸರಿ ಪಟ್ಟಣದ ಕಾಲೇಜಿನಲ್ಲಿ ಓದಿದ್ದರಲ್ಲಿ ಈ ವಿಷಯ ಇರಲಿಲ್ಲ. ಹಾಗಾಗಿ ಕೇಳುತ್ತೇನೆ, ನಗಬೇಡಿ: ಜೇಬಿನೊಳಗೆ ಅದು ತಾನಾಗಿ ತೆರೆದುಕೊಳ್ಳುವುದುಂಟೇ? ಅದರ ಹಿಡಿಯನ್ನು ಮಗು ಬಾಯಿಗೆ ಹಾಕಿಕೊಂಡರೆ ವಿಷವೇ? ತುಕ್ಕು ತಾಗಿದರೆ ಎಷ್ಟು ಅಪಾಯ? ಮಗು ನಿದ್ದೆ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ, ಹೀಗಾಗಿ ಪ್ರಶ್ನೆಗಳು ಹೆಚ್ಚಾಗಿವೆ.

ಇತಿ,
ಇತ್ರಿಯಾ ಕಾರ್ತಾ


ಗೊನ್ನೋರು, ೨೬ ಫೆಬ್ರವರಿ

ಅಮ್ಮಾ,

ಮುದುಕ ಉತ್ತರ ಕೊಟ್ಟ ಅಂತ ಗಾಂತೀನನಿಗೆ ಹೇಳಿ. ಹಿಂದಿನ ಚೂರಿಯ ಬಾಕಿ ಆಮೇಲೆ ಕೊಡ್ತೀನಿ ಅಂತ ಮಾತು ಕೊಟ್ಟು ಹೋಗಿದ್ದಾನೆ, ಅದನ್ನೂ ನೆನಪು ಮಾಡಿ.

ತಾನಾಗಿ ತೆರೆಯೋ ಚೂರಿ ನಾನು ಮಾಡೋಲ್ಲ. ಒಳಗೆ ಸ್ಪ್ರಿಂಗು ಗಿಂಗು ಏನೂ ಇಲ್ಲ, ಒಂದು ಮೊಳೆ ಅಷ್ಟೆ. ಅದನ್ನ ಎಷ್ಟು ಬಿಗಿಯಾಗಿ ಬಡೀತೀನೋ ಅಲಗು ಅಷ್ಟು ಬಿಗಿ. ಹಿಡಿ ಟಗರಿನ ಕೊಂಬಿಂದು. ಮಕ್ಕಳು ಬಾಯಿಗೆ ಹಾಕ್ಕೊಂಡ್ರೆ ಕೊಂಬಿಗೇ ನಷ್ಟ. ನಿಮ್ಮ ಕಾಗದ ಓದಿದ ಮೇಲೆ ನನ್ನ ಹೆಂಡತಿ ರಿಮೇದಿಯಾ, "ಈ ಹುಡುಗಿ ಚೂರಿಗೆ ಮೊದಲು ಒಂದು ಹೊತ್ತು ನಿದ್ದೆ ಕೊಂಡ್ಕೋಬೇಕು" ಅಂತಾಳೆ. ಅವಳ ಮಾತು ಅವಳದು, ನಾನು ಬರೀ ಬರ್ದಿದ್ದೀನಿ.

ಈಗ ನನ್ನ ಪ್ರಶ್ನೆ. ನೋಡದ ಕೈಗೆ ನಾನು ಚೂರಿ ಮಾಡೋಲ್ಲ. ನಿಮ್ಮವರು ದೂರ ಇದ್ದಾರೆ, ಸರಿ. ಹಾಗಾದ್ರೆ ಚೂರಿ ಹಿಡಿಯೋ ಕೈಯನ್ನ ಕಾಗದದ ಮೇಲೆ ಬೋರಲು ಇಟ್ಟು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸ್ಲಿ. ಬೆರಳು ಅಗಲಿಸೋದು ಬೇಡ, ಸುಮ್ಮನೆ ಇಟ್ಟ ಹಾಗೆ. ಬಲಗೈಯವನಿಗೆ ಟಗರಿನ ಬಲಗೊಂಬು, ಎಡಗೈಯವನಿಗೆ ಎಡಗೊಂಬು. ಎರಡೂ ತಿರುಗೋ ದಿಕ್ಕು ಬೇರೆ, ಅಂಗೈಯಲ್ಲಿ ಕೂರೋ ರೀತಿ ಬೇರೆ. ಅವಸರ ಇದ್ರೆ ಪೇಟೆಯಲ್ಲಿ ಕೊಂಡ್ಕೊಳ್ಳಿ.

ಪ್ರಿಯಾಮೊ ಸೆಚ್ಚಿ

ಮತ್ತೆ: ಶ್ರೀಯುತ ಗೀಯುತ ಅಂತ ಬರೀಬೇಡಿ, ಕಂದಾಯ ಇಲಾಖೆಯವರು ಅಂದ್ಕೊಂಡು ಗಾಬರಿ ಆಯ್ತು. ಇಲ್ಲಿ ಎಲ್ಲರೂ ಮಾವ ಅಂತಾರೆ.


ಬಿದಿಲೈ, ೨೭ ಮಾರ್ಚ್

ಪ್ರಿಯಾಮೊ ಮಾವನವರಿಗೆ,

ಇದರ ಜೊತೆ ಲಾರೆಂತು ಅವರ ಕೈಯ ಗೆರೆಚಿತ್ರ ಇಟ್ಟಿದ್ದೇನೆ. ಚೂರಿಯ ವಿಷಯ ಅವರಿಗೆ ಹೇಳಿಲ್ಲ. ಕೈಗವಸು ಹೆಣೆಯುತ್ತೇನೆ, ಅಳತೆ ಬೇಕು ಎಂದು ಬರೆದಿದ್ದೆ. ಕಳೆದ ವಾರ ಬಂತು. ಕಳಿಸುವ ಮೊದಲು ಪಸ್ಕಾಳ ಕೈಯನ್ನು ಅದರ ಮಧ್ಯೆ ಇಟ್ಟು ನೋಡಿದೆ. ಅವಳ ಅಂಗೈ ಅವರ ಹೆಬ್ಬೆರಳಿನಷ್ಟೇ ಇದೆ. ಅವಳು ಕಾಗದವನ್ನು ನೆಕ್ಕಿ ಒಂದು ಮೂಲೆ ಒದ್ದೆ ಮಾಡಿದ್ದಾಳೆ, ಕ್ಷಮಿಸಿ.

ಒಂದು ಮಾತು ನಿಮ್ಮಲ್ಲಿ ಹೇಳಬಹುದೇ ಗೊತ್ತಿಲ್ಲ. ಮುಖ ನೋಡದವರ ಹತ್ತಿರ ಹೇಳುವುದು ಸುಲಭವೆಂದು ಕಾಣುತ್ತದೆ. ಮೊದಲೆಲ್ಲ ಅವರು ತಾವೇ ಕಾಗದ ಬರೆಯುತ್ತಿದ್ದರು. ಓದು ಕಡಿಮೆ, ಅಕ್ಷರಗಳೆಲ್ಲ ಕುರಿಗಳಂತೆ ಒಂದರ ಮೇಲೊಂದು ಬೀಳುತ್ತಿದ್ದವು, ಆದರೆ ಅವರದೇ. "ಇಲ್ಲಿಯ ರೊಟ್ಟಿ ಒದ್ದೆ ಬಟ್ಟೆ ಇದ್ದ ಹಾಗೆ", "ನಿನ್ನ ಬೆನ್ನು ನೆನಪಾಗುತ್ತದೆ", ಹೀಗೆ. ಜನವರಿಯಿಂದ ಬರುತ್ತಿರುವುದು ಜೊಸೆಪ್ಪೆ ಎಂಬ ಜೊತೆಗಾರನ ಕೈಬರಹದಲ್ಲಿ. ಪಾಳಿ ಮುಗಿಸಿ ಬಂದರೆ ಕಣ್ಣು ಸೋಲುತ್ತದೆ, ಅದಕ್ಕೆ ಅವನು ಬರೆದುಕೊಡುತ್ತಾನೆ ಎಂದು ಕಾರಣ. ಜೊಸೆಪ್ಪೆ ಒಳ್ಳೆಯ ಗುಮಾಸ್ತನಿರಬೇಕು. "ಗೌರವಾನ್ವಿತ ಪತ್ನಿಯವರೇ" ಎಂದು ಶುರು ಮಾಡುತ್ತಾನೆ. ನಾನು ಕ್ಷೇಮ, ನೀವು ಕ್ಷೇಮವೇ, ಹವೆ ತಂಪಾಗಿದೆ. ಪರರು ಓದುವ ಕಾಗದದಲ್ಲಿ ಯಾರೂ ಬೆನ್ನಿನ ಸುದ್ದಿ ಎತ್ತುವುದಿಲ್ಲ, ಅದು ನನಗೂ ಗೊತ್ತು. ಆದರೆ ಹೆಂಡತಿಗೆ ನಾಲ್ಕು ಸಾಲು ಬರೆಯಲು ಕಣ್ಣು ಸೋಲುವ ಗಂಡಸು ಮನಸ್ಸಿನಿಂದ ಎಷ್ಟು ದೂರ ಹೋಗಿರಬೇಕು ಎಂದು ಯೋಚಿಸುತ್ತೇನೆ. ಉಣ್ಣೆ ಕತ್ತರಿಸುವ ಹೊತ್ತಿಗೆ ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದರು. ಈಗ ಜೊಸೆಪ್ಪೆಯ ಅಕ್ಷರದಲ್ಲಿ, "ಈ ವರ್ಷ ರಜೆ ಮಂಜೂರಾಗುವ ಸಂಭವವಿಲ್ಲ."

ಅತ್ತೆಗೆ ಹೇಳಿದರೆ, "ದುಡಿಯೋಕೆ ಹೋದವನು ದುಡೀತಾನೆ ಕಣೇ. ನಿಂಗೆ ಓದು ಜಾಸ್ತಿ ಆಯ್ತು, ಎರಡು ಸಾಲಿನ ಮಧ್ಯೆ ಇರೋದನ್ನೂ ಓದ್ತೀಯ" ಎನ್ನುತ್ತಾರೆ.

ಚೂರಿ ಚೆನ್ನಾಗಿರಲಿ. ಅದನ್ನು ನೋಡಿದರೆ ಮನೆಯ ಕಡೆ ಮನಸ್ಸು ತಿರುಗುವಂತಿರಲಿ. ಇಂಥದ್ದು ಕೇಳಬಾರದೇನೋ.

ಇತ್ರಿಯಾ


ಗೊನ್ನೋರು, ೯ ಏಪ್ರಿಲ್

ಇತ್ರಿಯಾ,

ಕೈ ತಲುಪಿತು. ಹೆಬ್ಬೆರಳು ಬಲಕ್ಕಿದೆ, ಅಂದ್ರೆ ಎಡಗೈ. ಬೇಜಾರು ಇಲ್ಲ, ಹತ್ತರಲ್ಲಿ ಒಂಬತ್ತು ಜನ ಇದೇ ತಪ್ಪು ಮಾಡ್ತಾರೆ. ಪೆನ್ಸಿಲು ಬಲಗೈಯಲ್ಲಿ ಇರತ್ತೆ, ಖಾಲಿ ಇರೋ ಎಡಗೈಯನ್ನ ಕಾಗದದ ಮೇಲೆ ಇಟ್ಟುಬಿಡ್ತಾರೆ. ನಾನು ಕಾಗದಾನ ಕಿಟಕಿಗೆ ಹಿಡಿದು ಹಿಂದಿನಿಂದ ನೋಡ್ಕೊಂಡೆ, ಬಲಗೈ ಆಯ್ತು. ಬಲಗೊಂಬು ಒಂದನ್ನ ತೆಗೆದು ಇಟ್ಟಿದ್ದೀನಿ. ಆರು ವರ್ಷ ಅಟ್ಟದ ಮೇಲೆ ಒಣಗಿದ್ದು, ಬಣ್ಣ ಜೇನಿನ ಹಾಗೆ.

ಇನ್ನೊಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮ್ಮವರಿಗೆ ವಯಸ್ಸೆಷ್ಟು? ಓದಿದ ಹುಡುಗಿಯರು ವಯಸ್ಸಾದವರನ್ನ ಮದುವೆ ಆಗೋದು ನಮ್ಮೂರಲ್ಲೂ ಉಂಟು, ಅದರಲ್ಲಿ ಏನೂ ಇಲ್ಲ. ಕೇಳಿದ್ದು ಯಾಕೆ ಅಂದ್ರೆ ಗೆರೆ ಬಹಳ ನಡುಗಿದೆ. ಎರಡು ಮೂರು ಕಡೆ ಪೆನ್ಸಿಲು ಜಾರಿ, ಎತ್ತಿ, ಮತ್ತೆ ಇಟ್ಟಿದ್ದಾರೆ. ನನಗೆ ಅರವತ್ತೆಂಟು, ನನ್ನ ಗೆರೆ ಇಷ್ಟು ಕೆಟ್ಟಿಲ್ಲ. ರಿಮೇದಿಯಾ ನೋಡಿ "ಪಾಪ, ಈ ವಯಸ್ಸಲ್ಲಿ ಕಾರ್ಖಾನೆ ಕೆಲಸ" ಅಂದ್ಲು. ವಯಸ್ಸಾದ ಕೈ ಆದ್ರೆ ಮೊಳೆ ಸಡಿಲ ಬಿಡ್ತೀನಿ, ಅಲಗು ಸಲೀಸಾಗಿ ತೆರೆಯೋ ಹಾಗೆ. ಎಷ್ಟು ವಯಸ್ಸು ಅಂತ ತಿಳಿಸಿ.

ಪ್ರಿಯಾಮೊ


ಬಿದಿಲೈ, ೧೩ ಏಪ್ರಿಲ್

ಮಾವನವರಿಗೆ,

ಲಾರೆಂತುವಿಗೆ ಇಪ್ಪತ್ತೊಂಬತ್ತು ವರ್ಷ. ದಯವಿಟ್ಟು ಆ ಕಾಗದವನ್ನು ಕೂಡಲೇ ಹಿಂದಕ್ಕೆ ಕಳಿಸಿ. ಚೂರಿಯ ಕೆಲಸ ನಿಲ್ಲಿಸಿ.

ಇತ್ರಿಯಾ


ಗೊನ್ನೋರು, ೧೮ ಏಪ್ರಿಲ್

ಕಾಗದ ಒಳಗಿದೆ. ಮಡಿಕೆ ನಾನು ಹೊಸದಾಗಿ ಮಾಡಿಲ್ಲ, ನಿಮ್ಮದೇ ಮಡಿಕೆ. ಏನಾಯ್ತು ಅಂತ ನಾನು ಕೇಳೋಲ್ಲ. ರಿಮೇದಿಯಾ ಕೇಳ್ತಿದ್ದಾಳೆ.

ಪ್ರಿಯಾಮೊ


ಬಿದಿಲೈ, ೨೧ ಮೇ

ಪ್ರಿಯಾಮೊ ಮಾವ, ರಿಮೇದಿಯಾ ಅತ್ತೆ,

ಇಷ್ಟು ದಿನ ಬರೆಯಲಿಲ್ಲ. ಈಗ ಪಸ್ಕಾ ನನ್ನ ಎದೆಯ ಮೇಲೆ ಮಲಗಿದ್ದಾಳೆ, ಒಂದು ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡಿ.

ಕಾಗದ ಕೈಗೆ ಬಂದ ದಿನ ನನ್ನ ಎಡಗೈಯನ್ನು ಮೇಜಿನ ಮೇಲಿಟ್ಟು ಬಲಗೈಯಿಂದ ಗೆರೆ ಎಳೆದೆ. ನೀರು ಹರಿದಂತೆ ಬಂತು. ಯಾರು ಎಳೆದರೂ ಹಾಗೇ ಬರುತ್ತದೆ. ಬಲಗೈಯಲ್ಲಿ ಪೆನ್ಸಿಲು ಹಿಡಿದ, ಕಾಯಿಲೆಯಿಲ್ಲದ ಇಪ್ಪತ್ತೊಂಬತ್ತರ ಗಂಡಸಿಗೆ ತನ್ನ ಎಡಗೈಯ ಸುತ್ತ ಗೆರೆ ಎಳೆಯಲು ಏನು ಕಷ್ಟ? ಆಮೇಲೆ ಪೆನ್ಸಿಲನ್ನು ಎಡಗೈಗೆ ತೆಗೆದುಕೊಂಡು ಬಲಗೈಯ ಗೆರೆ ಎಳೆದೆ. ನಡುಗಿತು, ಆದರೆ ಅವನ ನಡುಕದ ಹಾಗಲ್ಲ. ಮೈಗೆ ಜ್ವರವಿದ್ದಾಗ ಎಳೆದೆ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಎಳೆದೆ. ನಾನು ಪಾಠ ಹೇಳುತ್ತಿದ್ದ ಶಾಲೆಯಿಂದ ತಂದಿದ್ದ ಹಾಳೆಗಳೆಲ್ಲ ಕೈಗಳಾದವು. ನಮ್ಮ ಮನೆಯ ಅತ್ತೆ ಒಂದು ದಿನ ಅವನ್ನೆಲ್ಲ ಒಲೆಯ ಹತ್ತಿರ ಕಂಡು, "ಹೆತ್ತ ಮೇಲೆ ಕೆಲವರಿಗೆ ತಲೆ ಹೀಗಾಗತ್ತೆ, ನಮ್ಮ ಚಿಕ್ಕಮ್ಮನಿಗೂ ಆಗಿತ್ತು" ಎಂದು ಪಕ್ಕದ ಮನೆಯವರಿಗೆ ಹೇಳಿದರು. ನಾನು ಕೇಳಿಸಿಕೊಂಡೆ. ನಿಜವಿರಬಹುದು ಎಂದೂ ಅಂದುಕೊಂಡೆ. ಪಸ್ಕಾಳ ಉಸಿರು ಇದೆಯೇ ಎಂದು ಮೂಗಿನ ಬಳಿ ಕನ್ನಡಿ ಹಿಡಿಯುವವಳು ನಾನು. ನನ್ನ ಭಯಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸುಳ್ಳಾಗಿವೆ.

ಕೊನೆಗೆ ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಮಡಚಿ ಬಟ್ಟೆಯಿಂದ ಬಿಗಿದು ಕಟ್ಟಿದೆ. ಪೆನ್ಸಿಲನ್ನು ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಎಳೆದೆ. ಮಣಿಕಟ್ಟಿನ ಹತ್ತಿರ ಜಾರಿತು. ಕಿರುಬೆರಳ ತಿರುವಿನಲ್ಲಿ ಜಾರಿತು. ಎತ್ತಿ ಮತ್ತೆ ಇಡಬೇಕಾಯಿತು. ಅವನ ಹಾಳೆಯನ್ನೂ ನನ್ನದನ್ನೂ ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದೆ. ಜಾರಿದ ಜಾಗಗಳು ಒಂದೇ.

ಮಾವ, ಅವನು ಚೂರಿ ಕಳೆದುಕೊಂಡಿಲ್ಲ. ಉಳಿದ ಬೆರಳುಗಳಿಂದ ತೆರೆಯಲಾಗದೆ ಯಾರಿಗೋ ಕೊಟ್ಟುಬಿಟ್ಟಿದ್ದಾನೆ. ಕಣ್ಣು ಸೋತದ್ದೂ ಸುಳ್ಳು. ರಜೆಯದೂ ಸುಳ್ಳು. ಹಾಲು ಕರೆಯಲು, ಉಣ್ಣೆ ಕತ್ತರಿಸಲು ಎರಡು ಕೈ ಬೇಕಲ್ಲ, ಅದಕ್ಕೇ ಬರುತ್ತಿಲ್ಲ. ನಾನು ಇಲ್ಲಿ ಕೂತು ಅವನ ಮನಸ್ಸು ದೂರವಾಯಿತೆಂದು ದಿಂಬು ಒದ್ದೆ ಮಾಡಿದೆ. ಆ ಗೆರೆಯನ್ನು ಜೊಸೆಪ್ಪೆಯ ಕೈಯಿಂದ ಎಳೆಸಬಹುದಿತ್ತು, ಎಷ್ಟು ಅಚ್ಚುಕಟ್ಟಾಗಿ ಬರುತ್ತಿತ್ತು. ಎಳೆಸಲಿಲ್ಲ. ನನಗೆ ಬರುವ ಕಾಗದವೆಂದು ತಾನೇ ಕೂತು ಎಳೆದಿದ್ದಾನೆ. ಕೈಗವಸು ಯಾಕೆ ಇನ್ನೂ ಬರಲಿಲ್ಲ ಎಂದು ಒಂದು ಸಲವೂ ಕೇಳಿಲ್ಲ.

ಕಾಗದದಲ್ಲಿ ಕೇಳಿದರೆ ಜೊಸೆಪ್ಪೆ ಗಟ್ಟಿಯಾಗಿ ಓದುತ್ತಾನೆ, ಅವನು ಎಲ್ಲರ ಮುಂದೆ ಅಲ್ಲ ಎನ್ನಬೇಕಾಗುತ್ತದೆ. ಒಮ್ಮೆ ಅಲ್ಲ ಎಂದನೆಂದರೆ ಅದನ್ನು ಉಳಿಸಿಕೊಳ್ಳಲು ಅಲ್ಲೇ ಉಳಿಯುತ್ತಾನೆ. ನನ್ನ ಗಂಡನನ್ನು ನಾನು ಬಲ್ಲೆ. ಆದ್ದರಿಂದ ನೀವು ಎಡಗೈಗೆ ಒಂದು ಚೂರಿ ಮಾಡಿ. ಎಡಗೊಂಬಿನದು. ಉಗುರು ಸಿಕ್ಕಿಸಿ ಅಲಗನ್ನು ಎಳೆಯಲು ಒಂದು ಗೀರು ಇರುತ್ತದಲ್ಲ, ಅದು ಇನ್ನೊಂದು ಮಗ್ಗುಲಿಗಿರಲಿ. ಅಲಗು ಗಿಡ್ಡವಾಗಿರಲಿ, ಊಟಕ್ಕೆ ಸಾಕಾಗುವಷ್ಟು. ಮೊಳೆ ಸಡಿಲವಾಗಿರಲಿ.

ಇತ್ರಿಯಾ


ಗೊನ್ನೋರು, ೨೮ ಮೇ

ಮಗಳೇ,

ನಿನ್ನ ಕಾಗದ ರಿಮೇದಿಯಾ ಓದಿದ್ಲು, ಆಮೇಲೆ ನಾನು ಓದಿದೆ, ಆಮೇಲೆ ಇಬ್ಬರೂ ಊಟ ತಡ ಮಾಡಿದ್ವಿ. ಗೆರೆ ನೋಡಿ ಮುದುಕ ಅಂದವನು ನಾನು. ಕ್ಷಮಿಸು.

ಎಡಗೊಂಬು ಅಟ್ಟದಲ್ಲಿ ರಾಶಿ ಇದೆ, ಕೇಳೋರೇ ಇಲ್ಲ. ಗೀರನ್ನ ಇನ್ನೊಂದು ಕಡೆ ಹೊಡೆಯೋದೂ ದೊಡ್ಡ ಕೆಲಸ ಅಲ್ಲ. ನನ್ನ ಸಂಕಟ ಬೇರೆ. ನೀನು ಕಾಗದದಲ್ಲಿ ಕೇಳೋಕೆ ಹೆದರಿದ್ದನ್ನ ಈ ಚೂರಿ ಒಂದೇ ಕ್ಷಣದಲ್ಲಿ ಹೇಳಿಬಿಡತ್ತೆ. ತೆಗೆದು ಕೈಯಲ್ಲಿ ಹಿಡಿದ ಕೂಡ್ಲೆ ಅವನಿಗೆ ಗೊತ್ತಾಗತ್ತೆ, ನಿನಗೆ ಗೊತ್ತು ಅಂತ. ನಮ್ಮೂರಲ್ಲಿ ಒಬ್ಬ ಇದ್ದ, ಗಣಿಯಲ್ಲಿ ತೋಳು ಹೋದವನು. ಹೆಂಡತಿ ಪ್ರೀತಿಯಿಂದಲೇ ಅವನ ತಟ್ಟೆಯ ಮಾಂಸ ತುಂಡು ಮಾಡಿಕೊಟ್ಲು. ಆವತ್ತಿಂದ ಅವನು ಮನೇಲಿ ಉಣ್ಣಲಿಲ್ಲ, ಕುರಿಹಟ್ಟಿಯಲ್ಲೇ ಉಂಡ. ಇದನ್ನ ಹೇಳದೆ ಚೂರಿ ಕೊಟ್ರೆ ನನಗೆ ಸಮಾಧಾನ ಇರೋಲ್ಲ.

ಸಡಿಲ ಬೇಡ ಅಂತಲೂ ನನ್ನ ಅಭಿಪ್ರಾಯ. ಸಡಿಲ ಚೂರಿ ಮುದುಕರದು. ನಾನು ಬಿಗಿ ಬಡೀತೀನಿ, ಅವನು ಕಷ್ಟಪಟ್ಟು ತೆಗೀಲಿ.

ರಿಮೇದಿಯಾ ಹೇಳ್ತಾಳೆ: "ಈ ಮುದುಕನಿಗೆ ಗಂಡಸರ ಮಾನ ಗೊತ್ತು, ಹೆಂಗಸರ ರಾತ್ರಿ ಗೊತ್ತಿಲ್ಲ. ನೀನು ಹೇಳಿದ ಹಾಗೆ ಮಾಡಿಸ್ತೀನಿ." ಯೋಚನೆ ಮಾಡಿ ಬರಿ.

ಪ್ರಿಯಾಮೊ


ಬಿದಿಲೈ, ೨ ಜೂನ್

ಮಾವ,

ಯೋಚಿಸಿದೆ. ಅವನು ಕುರಿಹಟ್ಟಿಯಲ್ಲಿ ಉಂಡರೂ ಸರಿ. ಹಟ್ಟಿ ಇಲ್ಲಿಂದ ಕಾಣಿಸುತ್ತದೆ. ಜರ್ಮನಿ ಕಾಣಿಸುವುದಿಲ್ಲ.

ಸಡಿಲವೇ ಇರಲಿ. ಎಲ್ಲರೂ ನೋಡುತ್ತಿರುವಾಗ ಅವನು ಹಲ್ಲಿನಿಂದ ಅಲಗು ಎಳೆಯುವುದು ನನಗೆ ಬೇಡ.

ಇತ್ರಿಯಾ


ಬಿದಿಲೈ, ೨ ಜುಲೈ

ಮಾವ, ಅತ್ತೆ,

ಚೂರಿ ಬಂತು. ಗಾಂತೀನು ಸೀಟಿನ ಕೆಳಗಿಟ್ಟು ತಂದ. "ಆ ಮುದುಕ ನನ್ನನ್ನ ಒಳಗೆ ಕರೆದು ವೈನ್ ಕೊಟ್ಟ, ಬೈಯಲೇ ಇಲ್ಲ. ಹುಷಾರಿಲ್ವಾ ಏನ್ ಕತೆ" ಎಂದು ವಿಚಾರಿಸುತ್ತಿದ್ದ.

ಇಷ್ಟು ಚಿಕ್ಕದೆಂದು ಊಹಿಸಿರಲಿಲ್ಲ. ಮಡಚಿದಾಗ ಕೊಂಬಿನ ಬಾಗು ಕಿವಿಯ ಹಾಗಿದೆ. ಜೇನು ಬಣ್ಣದ ಮಧ್ಯೆ ಹಾಲು ಚೆಲ್ಲಿದಂಥ ಒಂದು ಬಿಳಿ ಎಳೆ. ಅಲಗಿನ ಬುಡದಲ್ಲಿ ನಿಮ್ಮ ಹೆಸರು, ನಿಮ್ಮೂರಿನ ಹೆಸರು. ನನ್ನ ಬಲಗೈಗೆ ಅದು ಸುಮ್ಮನೆ ಕೂರುವುದಿಲ್ಲ, ಬೇರೆಯವರ ಮಗುವಿನಂತೆ ಮೈ ತಿರುಗಿಸುತ್ತದೆ. ಎಡಗೈಗೆ ಬದಲಿಸಿದ ಕೂಡಲೇ ತೆಪ್ಪಗಾಗುತ್ತದೆ. ಎರಡು ದಿನ ಇಟ್ಟುಕೊಂಡೆ. ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಅವರೆಕಾಯಿ ಸುಲಿದೆ, ಚೀಸ್ ಕುಯ್ದೆ, ಕೈಯಲ್ಲೇ ಮುರಿಯುವ ತೆಳ್ಳನೆಯ ಹಾಳೆರೊಟ್ಟಿಯನ್ನು ಕುಯ್ಯಬೇಕಿಲ್ಲದಿದ್ದರೂ ಕುಯ್ದೆ. ಒಂದು ಪೇರುಹಣ್ಣು ಬಿಡಿಸಲು ಇಡೀ ಬೆಳಿಗ್ಗೆ ಹಿಡಿಯಿತು. ಸಿಪ್ಪೆಯೊಂದಿಗೆ ಅರ್ಧ ಹಣ್ಣೂ ಹೋಯಿತು. ಪಸ್ಕಾ ಬಾಯಿ ತೆರೆದುಕೊಂಡು ಕಾಯುತ್ತ ಕೂತಿದ್ದಳು. ಅವನು ಅಲ್ಲಿ ಹೀಗೇ ಮೊದಲಿನಿಂದ ಕಲಿಯುತ್ತಿರಬಹುದು ಎನಿಸಿತು. ಎಷ್ಟೋ ತಿಂಗಳ ಮೇಲೆ ಅವನು ಮನಸ್ಸಿಗೆ ಹತ್ತಿರವಾದಂತಾಯಿತು.

ಲಾರೆಂತು ಇರುವ ಕಾರ್ಖಾನೆಯಲ್ಲೇ ದುಡಿಯುವ ನಮ್ಮೂರಿನ ಬುಸ್ತಿಯಾನು ನಿನ್ನೆ ರಜೆ ಮುಗಿಸಿ ಹೊರಟ. ಅವನ ಕೈಯಲ್ಲಿ ಕೊಟ್ಟೆ. ನನ್ನವನ ಕೈಗೇನಾಗಿದೆ ಎಂದು ಬುಸ್ತಿಯಾನುವನ್ನು ಕೇಳಲಿಲ್ಲ, ಅವನೂ ನನ್ನ ಮುಖ ನೋಡಲಿಲ್ಲ. ಅದರ ಜೊತೆ ಕಾಗದ ಇಡಲು ಮೂರು ಸಲ ಬರೆದು ಹರಿದೆ. ಕೊನೆಗೆ ಬರೀ ಚೂರಿಯನ್ನು ಪಸ್ಕಾಳ ಹಳೆಯ ಟೋಪಿಯಲ್ಲಿ ಸುತ್ತಿ ಕಳಿಸಿದೆ.

ಇತ್ರಿಯಾ


ಬಿದಿಲೈ, ೬ ಆಗಸ್ಟ್

ಮಾವ,

ಉತ್ತರವಿಲ್ಲ. ಬುಸ್ತಿಯಾನು ತಲುಪಿ ತಿಂಗಳಾಯಿತು, ಅವನ ಹೆಂಡತಿಗೆ ಎರಡು ಕಾಗದ ಬಂದಿವೆ. ನನಗೆ ಜೊಸೆಪ್ಪೆಯ ಕೈಯಿಂದಲೂ ಏನೂ ಇಲ್ಲ. ಅವನ ಆ "ಗೌರವಾನ್ವಿತ ಪತ್ನಿಯವರೇ" ಎಂಬುದಕ್ಕೂ ಹಂಬಲಿಸುವಂತಾಯಿತು ನೋಡಿ. ಹಣ ಮಾತ್ರ ಎಂದಿನಂತೆ ಬಂದಿದೆ. ಹಣದ ಜೊತೆ ಯಾವಾಗಲೂ ಒಂದು ಸಾಲು ಇರುತ್ತಿತ್ತು.

ನೀವು ಹೇಳಿದ್ದೇ ಆಯಿತು. ತಟ್ಟೆಯ ಮಾಂಸ ನಾನೇ ತುಂಡು ಮಾಡಿಕೊಟ್ಟೆ. ಅಂಚೆಯವನು ಇಳಿಜಾರಿನಲ್ಲಿ ಕಾಣಿಸಿದಾಗ ಅತ್ತೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಾರೆ, ನಾನು ಬಾಗಿಲಿಗೆ ಓಡಲೆಂದು. ಆತ ತಲೆಯಾಡಿಸಿ ಮುಂದೆ ಹೋಗುತ್ತಾನೆ. ಅತ್ತೆ ಈಗ ನನ್ನನ್ನು ಬೈಯುವುದಿಲ್ಲ. ಮೊನ್ನೆ ಎಲ್ಲವನ್ನೂ ಅವರಿಗೆ ಹೇಳಿದೆ, ಗೆರೆಗಳನ್ನು ತೋರಿಸಿದೆ. ಒಂದೊಂದು ಗೆರೆಯನ್ನೂ ಬೆರಳಿನಿಂದ ಸವರಿದರು. ಆಮೇಲೆ, "ಇವನು ಚಿಕ್ಕವನಿದ್ದಾಗ ಮೊಣಕಾಲು ಒಡ್ಕೊಂಡು ಬಂದ್ರೆ ನನಗೆ ತೋರಿಸ್ತಾನೇ ಇರಲಿಲ್ಲ, ಹಟ್ಟಿ ಹಿಂದೆ ಕೂತಿರ್ತಿದ್ದ. ನಾನು ಹುಡ್ಕೊಂಡು ಹೋಗಿಬಿಟ್ರೆ ಇನ್ನೂ ದೂರ ಓಡ್ತಿದ್ದ" ಎಂದರು. ಅಷ್ಟೇ ಹೇಳಿ ರೊಟ್ಟಿ ಹಿಟ್ಟು ನಾದಲು ಹೋದರು.

ನಾನು ಹುಡುಕಿಕೊಂಡು ಹೋಗಿಬಿಟ್ಟೆ, ಮಾವ.

ಇತ್ರಿಯಾ


ಗೊನ್ನೋರು, ೨೦ ಆಗಸ್ಟ್

ಇತ್ರಿಯಾ, ಮಗಳೇ,

ಕೂತ್ಕೊಂಡು ಓದು. ಮಗೂನ ಅತ್ತೆ ಕೈಗೆ ಕೊಡು.

ನಿನ್ನೆ ಜರ್ಮನಿಯಿಂದ ನನ್ನ ಹೆಸರಿಗೆ ಒಂದು ಪೊಟ್ಟಣ ಬಂತು. ಒಳಗೆ ನನ್ನ ಚೂರಿ. ಟೋಪಿ ಇರಲಿಲ್ಲ, ಅದನ್ನ ಅವನೇ ಇಟ್ಕೊಂಡಿದ್ದಾನೆ ಅಂತ ರಿಮೇದಿಯಾ ಮೊದಲು ಗಮನಿಸಿದ್ಲು. ಚೂರಿ ವಾಪಸ್ ಬಂದಿದ್ದು ನೋಡಿ ಕೆಲಸ ಕೆಟ್ಟಿತು ಅಂದ್ಕೊಂಡೆ. ಆಮೇಲೆ ಕಾಗದ ಸಿಕ್ತು. ಒಂದನೇ ಕ್ಲಾಸಿನ ಹುಡುಗರ ಹಾಗೆ ಅಷ್ಟಷ್ಟು ದಪ್ಪ ಅಕ್ಷರ, ಎಲ್ಲಾ ಎಡಕ್ಕೆ ವಾಲಿವೆ. ಜೊಸೆಪ್ಪೆ ಅಲ್ಲ ಬರೆದಿದ್ದು. ಹಾಗೇ ನಕಲು ಮಾಡ್ತೀನಿ:

"ಮೇಸ್ತ್ರಿ ಸೆಚ್ಚಿ. ಚೂರಿ ಒಳ್ಳೆಯದು. ಆದರೆ ರೊಟ್ಟಿ ಕುಯ್ಯುವ ಚೂರಿ. ಅಲಗು ಗಿಡ್ಡ. ಮೊಳೆ ಸಡಿಲ. ಕುರಿ ಸುಲಿಯುವಾಗ ಮಡಚಿಕೊಳ್ಳುತ್ತದೆ. ನನ್ನ ಹತ್ತಿರ ಎಂಟೇ ಬೆರಳು ಇವೆ, ಅಷ್ಟೂ ಬೇಕು. ಅಲಗು ಉದ್ದ ಹಾಕಿ ಬಿಗಿ ಮಾಡಿ. ಅಂಚೆಯಲ್ಲಿ ಕಳಿಸಬೇಡಿ. ನಾನೇ ಬಂದು ತೆಗೆದುಕೊಳ್ಳುತ್ತೇನೆ. ಲಾರೆಂತು. ಬಿದಿಲೈ."

ಇಷ್ಟೇ. ಯಾವಾಗ ಅಂತ ಇಲ್ಲ. ನಿನ್ನ ಹೆಸರೂ ಇಲ್ಲ. ನಾನು ಅದಕ್ಕೆ ಬೇಜಾರು ಮಾಡ್ಕೊಂಡೆ. ರಿಮೇದಿಯಾ ನನ್ನ ತಲೆಗೆ ಒಂದು ಕೊಟ್ಟು ಹೇಳಿದ್ಲು: "ಕಾಗದ ಅವಳಿಗೇ ಬರೆದಿರೋದು ಕಣೋ, ವಿಳಾಸ ಮಾತ್ರ ನಿಂದು."

ಮೊಳೆ ವಿಷಯದಲ್ಲಿ ನಾನು ಹೇಳಿದ್ದೇ ಸರಿ ಆಯ್ತು ಅಂತ ಇಲ್ಲಿ ಬರೀಬೇಕು ಅಂದ್ಕೊಂಡಿದ್ದೆ. ಬರೀಬೇಡ ಅಂತಾಳೆ. ಮೂಲ ಕಾಗದ ಇದರ ಜೊತೆ ಇಟ್ಟಿದ್ದೀನಿ, ನಿಂಗೆ ಬೇಕಾಗತ್ತೆ. ಉದ್ದ ಅಲಗನ್ನ ಕಾಯಿಸಿ ಬಡಿಯೋಕೆ ನಿಧಾನ ಆಗತ್ತೆ. ದ್ರಾಕ್ಷಿ ಕೊಯ್ಲು ಬೇರೆ ಬಂತು. ಅವನೇನೂ ನಾಳೆಯೇ ಬರೋಲ್ವಲ್ಲ.

ಪ್ರಿಯಾಮೊ


ಬಿದಿಲೈ, ೨೩ ಆಗಸ್ಟ್

ಪ್ರಿಯಾಮೊ ಮಾವ,

ಅವನ ಕಾಗದವನ್ನು ಎಷ್ಟು ಸಲ ಓದಿದೆನೆಂದು ಬರೆಯುವುದಿಲ್ಲ. ಅಕ್ಷರಗಳು ಈಗಲೂ ಒಂದರ ಮೇಲೊಂದು ಬೀಳುತ್ತವೆ. ಅತ್ತೆ ನನ್ನಿಂದ ಓದಿಸಿಕೊಂಡು, "ಎಂಟೇ ಬೆರಳು ಇವೆ" ಎನ್ನುವಲ್ಲಿ ಅತ್ತರು, "ಕುರಿ ಸುಲಿಯುವಾಗ" ಎನ್ನುವಲ್ಲಿ ಕಣ್ಣೊರೆಸಿಕೊಂಡು, ಲಾರೆಂತುವಿನ ತಮ್ಮನ ಬಳಿಗೆ ಹೋಗಿ ಹಿಂಡು ಎಣಿಸಿಕೊಂಡು ಬಾ ಎಂದು ಯಾರನ್ನೋ ಓಡಿಸಿದರು.

ದಯವಿಟ್ಟು ಕೊಯ್ಲಿನ ನೆಪ ಹೇಳಬೇಡಿ. ಅಲಗನ್ನು ಈ ವಾರವೇ ಬಡಿದು ಸಿದ್ಧ ಮಾಡಿಡಿ. ಅವನು ಹಡಗು ಇಳಿದು ಮೊದಲು ನಿಮ್ಮ ಬಾಗಿಲಿಗೇ ಬರುತ್ತಾನೆ, ಚೂರಿ ಜೇಬಿಗಿಳಿಯದೆ ಊರಿಗೆ ಕಾಲಿಡುವವನಲ್ಲ. ನೀವು ಕೂರಿಸಿಕೊಂಡು ವೈನ್ ಕೊಡುತ್ತೀರಿ, ಕೈ ನೋಡುತ್ತೀರಿ, ಮೊಳೆಯ ಬಗ್ಗೆ ವಾದ ಮಾಡುತ್ತೀರಿ. ನಿಮ್ಮೂರಿಂದ ಇಲ್ಲಿಗೆ ಬರುವ ಬಸ್ಸು ದಿನಕ್ಕೆ ಒಂದೇ, ಬೆಳಿಗ್ಗೆ ಬೇಗ ಹೊರಡುತ್ತದೆ. ಅದು ತಪ್ಪಿದರೆ ಅವನು ಇನ್ನೂ ಒಂದು ರಾತ್ರಿ ಬೆಟ್ಟದ ಆಚೆಯೇ ಉಳಿಯಬೇಕಾಗುತ್ತದೆ.

ಇತ್ರಿಯಾ